ಒಂದು ಸ್ಟೀರಿಂಗಿಗೆ ಇಬ್ಬರು

"ಮತ್ತೆ ನೀಲಿ ಬಂತು," ಎಂದರು ಬ್ರೈಲ್ ಮುದ್ರಣಾಲಯದ ಮ್ಯಾನೇಜರು.

ಅದು ಐದನೆಯ ಸಲ. ಬೆಳಗ್ಗೆ ಮೆಕ್ಯಾನಿಕ್ ಬಂದು ಹೊಸ ಬ್ರೈಲ್ ಪ್ರಿಂಟರ್ ಜೋಡಿಸಿ, ಅದನ್ನು ನಡೆಸುವ 'ಡ್ರೈವರ್' ತಂತ್ರಾಂಶ ಹಾಕಿ ಹೋದಾಗಿನಿಂದ ಕಂಪ್ಯೂಟರಿನದು ಇದೇ ಪಾಡು: ಏಳುವುದು, ನೀಲಿ ತೆರೆ ತೋರಿಸುವುದು, ತಾನೇ ಆರಿ ಮತ್ತೆ ಏಳುವುದು. ನಾಳೆ ಬೆಳಗ್ಗೆ ನಲವತ್ತು ಅಂಧ ಮಕ್ಕಳಿಗೆ ಗಣಿತದ ಪರೀಕ್ಷೆ. ತಿದ್ದಿ ಮುಗಿಸಿದ ಪ್ರಶ್ನೆಪತ್ರಿಕೆ ಆ ಕಂಪ್ಯೂಟರಿನ ಹೊಟ್ಟೆಯಲ್ಲೇ ಇತ್ತು. ಗುಟ್ಟು ಬಯಲಾದೀತೆಂದು ಬೇರೆಲ್ಲೂ ಪ್ರತಿ ಇಟ್ಟಿರಲಿಲ್ಲ.

ಫೋನಿನಲ್ಲಿ ಮೆಕ್ಯಾನಿಕ್, "ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು ಸಾರ್, ನಾಳೆ ಬರ್ತೀನಿ," ಎಂದ.

"ಅಳಿಸೋದು ಬೇಡ ಸಾರ್," ಎಂದಳು ಕರಡು ತಿದ್ದುವವಳು. "ಆ ಡ್ರೈವರ್ ಒಂದನ್ನ ತೆಗೆದ್ರೆ ಸಾಕು."

ಮ್ಯಾನೇಜರು ಅವಳ ಮುಖ ನೋಡಿದರು. ಹುಟ್ಟಿನಿಂದಲೇ ಅವಳಿಗೆ ಕಣ್ಣಿಲ್ಲ. ತೆರೆಯ ಮೇಲಿದ್ದದ್ದನ್ನು ಕಂಪ್ಯೂಟರೇ ಓದಿ ಹೇಳಬೇಕು; ಈಗ ಅದೂ ಮೂಕ.

"ನಾನಂತೂ ಕೈ ಹಾಕಲ್ಲಮ್ಮ. ಪರೀಕ್ಷೆ ಮುಂದೂಡ್ತಾರಾ ಅಂತ ಶಾಲೆಗೆ ಹೋಗಿ ಕೇಳ್ಕೊಂಡು ಬರ್ತೀನಿ. ನೀನು ಬೇಕಾದ್ರೆ ನೋಡು, ಹೇಗೂ ಕೆಟ್ಟು ಕೂತಿದೆ," ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಅಷ್ಟರಲ್ಲಿ ಅವಳ ಅಪ್ಪ ಊಟದ ಡಬ್ಬಿ ಹಿಡಿದು ಬಂದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಮಗಳನ್ನು ಪಾಪ ಅಂತ ಕೆಲಸಕ್ಕಿಟ್ಟುಕೊಂಡಿದ್ದಾರೆ ಎಂದೇ ಅವರು ಇಷ್ಟು ದಿನ ನಂಬಿದ್ದು. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಅವಳಿಗೆ ಗೊತ್ತಿತ್ತು.

"ಅಪ್ಪಾ, ಡಬ್ಬಿ ಆಮೇಲೆ. ಇಲ್ಲಿ ಕೂತ್ಕೊಂಡು ಕಾಣಿಸಿದ್ದನ್ನ ಓದು."

"ಇಂಗ್ಲಿಷಲ್ವೇನೇ ಇದು?"

"ಅಕ್ಷರ ಅಕ್ಷರ ಹೇಳು, ಸಾಕು."

ಅಪ್ಪ ಕನ್ನಡಕ ಒರೆಸಿಕೊಂಡು ಮೂಗು ತೆರೆಗೆ ತಾಗುವಷ್ಟು ಬಾಗಿದರು. "ಟಿ... ಆರ್... ಓ... ಯು..."

"ಅದೇ, ಟ್ರಬಲ್‌ಶೂಟ್! ರಿಪೇರಿ ದಾರಿ ಅದು. ಅದರ ಮೇಲೆ ಆಯ್ಕೆಯ ಬಣ್ಣ ಬಂದ ತಕ್ಷಣ ಹೇಳು."

ಅವಳು ಕೀಲಿ ಒತ್ತುತ್ತಾ ಹೋದಳು. ಅಪ್ಪ "ಇನ್ನೊಂದು ಕೆಳಗೆ... ರೈಟ್, ರೈಟ್," ಎನ್ನುತ್ತಾ ಹೋದರು. ಕಂಪ್ಯೂಟರ್ ಒಮ್ಮೆ ಆರಿತು. ಮತ್ತೆ ಹತ್ತಿದಾಗ ತೆರೆ ಕಪ್ಪಗಿತ್ತು, ನಾಲ್ಕೂ ಮೂಲೆಯಲ್ಲಿ ಸಣ್ಣ ಅಕ್ಷರ.

"ಎಸ್, ಎ, ಎಫ್, ಇ," ಎಂದರು ಅಪ್ಪ.

"ಸೇಫ್ ಮೋಡ್. ಬೇಕಾದಷ್ಟನ್ನೇ ಇಟ್ಕೊಂಡು ಎದ್ದಿದೆ, ಒಳಗೆ ಬಂದ್ವಿ," ಎಂದು ಅವಳು ಕೈ ಕೊಡವಿಕೊಂಡಳು. "ಹಳೇ ಪ್ರಿಂಟರಿನ ಡ್ರೈವರ್ ಇರೋ ಹಾಗೇ ಹೊಸದನ್ನೂ ಹಾಕಿ ಹೋಗಿದ್ದಾನೆ. ಎರಡೂ ಒಂದೇ ಜಾಗಕ್ಕೆ ಕಿತ್ತಾಡ್ತಿವೆ."

"ಒಂದು ಸ್ಟೀರಿಂಗಿಗೆ ಇಬ್ಬರು ಡ್ರೈವರಾ? ಬಸ್ಸು ಸೀದಾ ಚರಂಡಿಗೆ!"

ಅವಳು ನಕ್ಕುಬಿಟ್ಟಳು. ಆದರೆ ಡ್ರೈವರುಗಳ ಪಟ್ಟಿ ತೆರೆದಾಗ ನಗು ನಿಂತಿತು. ಎರಡಕ್ಕೂ ಹೆಸರು ಒಂದೇ, ಕೊನೆಯ ಅಂಕಿ ಮಾತ್ರ ಬೇರೆ. ಹಳೆಯದು ಹೋದರೆ ಇವತ್ತು ಒಂದು ಹಾಳೆಯೂ ಅಚ್ಚಾಗದು.

"ಹೊಸದು ಎಂಟು. ಈಗ ಬಣ್ಣ ಇರೋದು ಯಾವುದರ ಮೇಲಪ್ಪಾ?"

"ಮೂರು." ತಡೆದರು. "ಇರು, ಇರು." ಕನ್ನಡಕ ತೆಗೆದರು, ಹಾಕಿದರು, ಅಂಕಿಯ ಮೇಲೆ ಬೆರಳಿಟ್ಟರು. "ಮೂರೇ. ಎಂಟು ಅದರ ಕೆಳಗಿದೆ."

"ಗ್ಯಾರಂಟಿನಾ?"

"ಮೂವತ್ತು ವರ್ಷ ಒಂದು ಬೋರ್ಡೂ ತಪ್ಪು ಓದಿಲ್ಲ ಕಣೇ."

ಅವಳು ಒಂದು ಹೆಜ್ಜೆ ಕೆಳಗಿಳಿದು, ಅಪ್ಪ "ಎಂಟು" ಎಂದ ಮೇಲೆ ಅದನ್ನು ಕಿತ್ತುಹಾಕಿದಳು. ಯಂತ್ರ ಆರಿತು, ಹತ್ತಿತು. ಆಮೇಲೆ ಆ ಕೋಣೆಯಲ್ಲಿ ಮೂರನೆಯ ದನಿಯೊಂದು, ಗಡಿಬಿಡಿಯಿಲ್ಲದೆ, ತೆರೆಯ ಮೇಲಿದ್ದದ್ದನ್ನು ಓದತೊಡಗಿತು. ಪ್ರಶ್ನೆಪತ್ರಿಕೆಯ ಹೆಸರು ಬಂದಾಗ ಅವಳು ಬೆನ್ನು ಕುರ್ಚಿಗೆ ಒರಗಿಸಿದಳು.

ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತುವಾಗ ಹಳೇ ಪ್ರಿಂಟರಿನ ಕಟಕಟ ಕೆಳಗಿನವರೆಗೂ ಕೇಳುತ್ತಿತ್ತು. ಬಾಗಿಲಲ್ಲೇ ನಿಂತರು. "ಯಾರು ಬಂದಿದ್ರು ರಿಪೇರಿಗೆ?"

"ಯಾರೂ ಇಲ್ಲ ಸಾರ್," ಎಂದರು ಅಪ್ಪ, ಎದ್ದು ನಿಂತು, ಅಂಗಿಯ ತೋಳು ಸರಿಮಾಡಿಕೊಂಡು. "ನನ್ನ ಮಗಳು. ನಾನು ಬರೀ ಬೋರ್ಡ್ ಓದಿದೆ."

ಅವಳು ಆಗಲೇ ಮೊದಲ ಹಾಳೆಯ ಮೇಲೆ ಬೆರಳು ಓಡಿಸುತ್ತಿದ್ದಳು. "ಸರಿಯಿದೆ. ಅಪ್ಪಾ, ಅಲ್ಲಿಡು. ಒತ್ತಬೇಡ, ಚುಕ್ಕಿ ಅಳಿಸಿ ಹೋಗತ್ತೆ."

ಅಪ್ಪ ತಮ್ಮ ದಪ್ಪ ಬೆರಳುಗಳಿಂದ ಹಾಳೆಯ ಎರಡು ಅಂಚುಗಳನ್ನಷ್ಟೇ ಹಿಡಿದು, ಉಸಿರು ಬಿಗಿಹಿಡಿದು, ಮೇಜಿನ ಕಡೆ ನಿಧಾನವಾಗಿ ನಡೆದರು. ಮ್ಯಾನೇಜರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.