ಹತ್ತನೇ ನಂಬರಿನ ಅಂಗಿ

ಗಂಡನ ಬಲಗೈ ಉಗುರುಗಳಲ್ಲಿ ಸಿಕ್ಕಿಕೊಂಡಿದ್ದ ಸುಣ್ಣವನ್ನು ಅವಳು ಹೇರ್‌ಪಿನ್ನಿನಿಂದ ಕೆರೆದು ತೆಗೆಯುತ್ತಿದ್ದಳು. ಕಾಲೇಜಿನ ಫುಟ್‌ಬಾಲ್ ಮೈದಾನಕ್ಕೆ ಮೂವತ್ತೊಂದು ವರ್ಷ ಗೆರೆ ಎಳೆದ ಕೈ ಅದು. ಸುಣ್ಣ ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ, ಅವಳ ಬೆರಳಿಗೂ ಮೆತ್ತಿಕೊಳ್ಳುತ್ತಿತ್ತು.

"ಬಿಡಿ ಅತ್ತಿಗೆ, ಹೊತ್ತಾಯ್ತು," ಅಂದಳು ನಾದಿನಿ. "ಚಟ್ಟ ಎತ್ತೋರು ಕಾಯ್ತಿದಾರೆ."

"ಕಾಯ್ಲಿ. ಅವನು ಬರ್ಬೇಕು."

ಅವನು ಅಂದರೆ ಮಿಂಚು. ಅದೇ ಕಾಲೇಜಿನ ತಂಡದಿಂದ ದೊಡ್ಡ ಕ್ಲಬ್ಬಿಗೆ ಹೋಗಿ ಹನ್ನೆರಡು ವರ್ಷ ಮೆರೆದವನು. ಬರುತ್ತೇನೆಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದ. ಬಂದು ಜನರೆದುರು ಒಂದು ಮಾತು ಹೇಳಿದರೆ ಸಾಕಿತ್ತು ಅವಳಿಗೆ. ತಾವಿಬ್ಬರೂ ಕಾಲೇಜಿನಲ್ಲಿದ್ದಾಗಿನ ಆ ಫೈನಲ್‌ನಲ್ಲಿ ಮೂರು ಗೋಲು ಹೊಡೆದದ್ದು ತಾನಲ್ಲ, ಇವನು ಅಂತ.

*

ಫೈನಲ್ ಇದ್ದದ್ದು ಪರವೂರಿನಲ್ಲಿ. ಆಟಗಾರರ ಪಟ್ಟಿ ಹಿಂದಿನ ದಿನವೇ ಹೋಗಿತ್ತು, ತಿದ್ದುವ ಹಾಗಿರಲಿಲ್ಲ. ಬೆಳಿಗ್ಗೆ ನೋಡಿದರೆ ಮಿಂಚುವಿನ ಪಾದ ಊದಿ ಬೂಟಿನೊಳಗೆ ಹೋಗದು. ಕೋಚ್ ಮೇಷ್ಟ್ರು ಪಟ್ಟಿಯಲ್ಲೇ ಇಲ್ಲದ ಇವಳ ಗಂಡನನ್ನು ಮೂಲೆಗೆ ಕರೆದು ಹತ್ತನೇ ನಂಬರಿನ ಅಂಗಿ ಕೊಟ್ಟರು. "ಯಾರು ಕೇಳಿದ್ರೂ ಅವನ ಹೆಸರೇ ಹೇಳು. ಗೊತ್ತಾದ್ರೆ ಕಪ್ ಹೋಗತ್ತೆ."

ಕ್ಲಬ್ಬಿನಿಂದ ಆಟಗಾರರನ್ನು ಆರಿಸಲು ಬಂದವರಿಗೆ ಯಾರ ಮುಖವೂ ಗೊತ್ತಿರಲಿಲ್ಲ. ನಂಬರ್ ನೋಡಿದರು, ಪಟ್ಟಿಯಲ್ಲಿದ್ದ ಹೆಸರು ಬರೆದುಕೊಂಡರು. ಗೆದ್ದ ಮೇಲೆ ಇವನ ಮೈಯಿಂದ ಅಂಗಿ ಬಿಚ್ಚಿಸಿ, ಫೋಟೋಗೆ ಮಿಂಚುವಿಗೆ ತೊಡಿಸಿದರು.

"ಥೂ, ಒದ್ದೆಮುದ್ದೆ ಆಗಿದೆ ಕಣೋ," ಅಂದನಂತೆ ಅವನು. ವಾರದೊಳಗೆ ಕ್ಲಬ್ಬಿನ ಕಾಗದ ಅವನಿಗೆ ಬಂತು. ಇವನಿಗೆ ಮೇಷ್ಟ್ರು ಮೈದಾನದ ಕೆಲಸ ಕೊಡಿಸಿದರು, ಮಹಾ ಉಪಕಾರ ಮಾಡಿದವರ ಹಾಗೆ.

"ಕೇಳ್ಬಾರ್ದಾ ಹೋಗಿ?" ಎಂದು ಅವಳು ಎಷ್ಟು ಸಲ ಜಗಳ ಕಾದಳೋ. ಗಂಡ ಗೆರೆ ಎಳೆಯುವ ಹಗ್ಗ ಸುತ್ತುತ್ತಾ, "ಅವನೇ ಒಂದಿನ ಹೇಳ್ತಾನೆ ಬಿಡೆ," ಅನ್ನುತ್ತಿದ್ದ. ಅವಳಿಗೆ ಮಿಂಚುವಿಗಿಂತ ಈ ಮಾತಿನ ಮೇಲೇ ಸಿಟ್ಟು ಜಾಸ್ತಿ.

*

ಮಿಂಚು ಕಪ್ಪು ಕನ್ನಡಕ ತೆಗೆದು ಹೆಣದ ಪಕ್ಕ ನಿಂತ. ಹಿಂದೆ ಕೋಲೂರಿಕೊಂಡು ಮೇಷ್ಟ್ರು, ಅವರ ಹಿಂದೆ ಪತ್ರಿಕೆಯ ಫೋಟೋದವನು. ಅಂಗಳದಲ್ಲಿದ್ದವರು ಹತ್ತಿರ ಸರಿದರು.

"ಇಂಥ ಗೆಳೆಯ ಸಿಗಲ್ಲ," ಅಂದ ಮಿಂಚು. ಅವಳು ಉಸಿರು ಬಿಗಿಹಿಡಿದಳು. "ಆ ಫೈನಲ್ ಇವತ್ತಿಗೂ ನೆನಪಿದೆ. ಮೈದಾನದ ಹೊರಗೆ ಕೂತೇ ನಮ್ಮನ್ನ ಗೆಲ್ಲಿಸಿದ."

ನಾಲ್ಕಾರು ಜನ ಹೌದೆಂಬಂತೆ ತಲೆಯಾಡಿಸಿದರು.

"ಮೇಷ್ಟ್ರೇ," ಅಂದಳು ಅವಳು, "ನೀವಾದ್ರೂ ಹೇಳಿ."

ಮೇಷ್ಟ್ರು ಹತ್ತಿರ ಬಂದು ದನಿ ತಗ್ಗಿಸಿದರು. "ಈಗ್ಯಾಕಮ್ಮ ಅದೆಲ್ಲ? ಕಪ್ ಕಿತ್ಕೋತಾರೆ."

ಅವಳಿಗೆ ನಗು ಬಂತು. ಸಾವಿನ ಮನೆಯಲ್ಲಿ ನಗಬಾರದೆಂದು ನುಂಗಿಕೊಂಡಳು. ಅಷ್ಟರಲ್ಲಿ ಮಿಂಚು ಚೀಲದಿಂದ ಹತ್ತನೇ ನಂಬರಿನ ಹೊಚ್ಚಹೊಸ ಕೆಂಪು ಅಂಗಿ ತೆಗೆದು ಹೆಣದ ಎದೆಯ ಮೇಲೆ ಹಾಸಿದ. ನಂಬರಿನ ಮೇಲೆ ಓರೆಯಾಗಿ, ದಪ್ಪ ಕಪ್ಪು ಶಾಯಿಯಲ್ಲಿ ಅವನದೇ ಸಹಿ. ಫೋಟೋದವನು ಕ್ಯಾಮೆರಾ ಎತ್ತಿದ.

ಅವಳು ಅಂಗಿಯನ್ನು ಗಂಡನ ಮೈಮೇಲಿಂದ ಎತ್ತಿ ಮಿಂಚುವಿನ ಎದೆಗೆ ಒತ್ತಿ ಹಿಡಿದಳು.

"ಹಾಕ್ಕೊಳ್ಳಿ, ಫೋಟೋ ತೆಗೀತಾರೆ. ಈ ಸಲ ಒದ್ದೆಯಾಗಿಲ್ಲ."

ಮಿಂಚು ಅಂಗಿ ಬೀಳದಂತೆ ಹಿಡಿದುಕೊಂಡ. ಮೇಷ್ಟ್ರು ಕೋಲಿನ ತುದಿ ನೋಡುತ್ತಾ ನಿಂತರು. ಅವಳು ನಾದಿನಿಯತ್ತ ತಿರುಗಿ, "ಎತ್ತೋಕೆ ಹೇಳು," ಅಂದಳು.

ಹೆಣ ಗೇಟು ದಾಟಿದರೂ ಮಿಂಚು ಅಲ್ಲೇ ಅಂಗಿ ಹಿಡಿದು ನಿಂತಿದ್ದ. ಹತ್ತರ ಮೇಲೆ ಸುಣ್ಣದ ನಾಲ್ಕು ಬೆರಳು ಮೂಡಿದ್ದವು. ಅವನು ಅಂಗೈಯಿಂದ ಒರೆಸಿದ. ಬಿಳುಪು ಸಹಿಯ ಮೇಲೂ ಹರಡಿತು.