ಹತ್ತೊಂಬತ್ತು ಸಲ ನೋಡಿದವನು

ಪಟ್ಟಿ ಜಾರುತ್ತಿದೆ, ಬಿಳಿಯ ಬೋರ್ಡಿನ ಮೇಲೆ ಹೆಬ್ಬೆರಳಗಲದ ಅಯಸ್ಕಾಂತದ ಪಟ್ಟಿ, ಅದರ ಮೇಲೆ ಕಪ್ಪಕ್ಷರದಲ್ಲಿ ನ್ಯೂಫೆಲ್ಡ್ ಎಂಬ ಹೆಸರು, ಹಾಲರಾನ್ ಅದನ್ನು ಒಂದೇ ಬೆರಳಿನಿಂದ ಕೆಳಕ್ಕೆ ನೂಕುತ್ತಿದ್ದಾನೆ, ತಟ್ಟೆಯಲ್ಲಿ ಬೇಡವಾದ ಕಾಳನ್ನು ಮಕ್ಕಳು ಅಂಚಿಗೆ ಸರಿಸುವ ಹಾಗೆ, ಇಪ್ಪತ್ತೊಂದರಿಂದ ಇಪ್ಪತ್ತೇಳು, ಮೂವತ್ತು, ಮೂವತ್ತಾರು, ಕಿರ್ರೆಂದು ಸದ್ದು, ನಿಲ್ಲಿಸು ಎಂದು ಓರೆಸ್ಟ್ ಹೇಳಬೇಕು, ಹೇಳಲಾಗುತ್ತಿಲ್ಲ, ಬಾಯಲ್ಲಿ ಬೇರೊಂದು ಮಾತು ಕೂತುಬಿಟ್ಟಿದೆ, ಐದು ನಿಮಿಷದ ಕೆಳಗೆ ಹೋಟೆಲಿನ ಮೊಗಸಾಲೆಯಲ್ಲಿ ನಿಂತು ಫೋನಿನಲ್ಲಿ ಕೇಳಿದ ಮಾತು, ರೋಸಲೀಯ ದನಿ, ಓರೆಸ್ಟ್, ಕ್ಲೆಮ್ ಹೋಗ್ಬಿಟ್ಟ, ಚಹಾ ಬೇಕು ಅಂದ, ತರೋದ್ರೊಳಗೆ ಹೋಗ್ಬಿಟ್ಟ — ಅಷ್ಟೇ, ಅವಳು ಅಳಲಿಲ್ಲ, ಚಹಾ ಇನ್ನೂ ಬಿಸಿಯಾಗೇ ಇದೆ ಅಂದಳು, ಗಂಡ ಸತ್ತ ಹೆಂಗಸಿಗೆ ಏನು ಹೇಳಬೇಕೆಂದು ಎಪ್ಪತ್ತೊಂದು ವರ್ಷ ಬದುಕಿದವನಿಗೂ ತಿಳಿಯಲಿಲ್ಲ, ಕುಡಿ ರೋಸಲೀ, ತಣ್ಣಗಾಗ್ತದೆ ಅಂದುಬಿಟ್ಟ, ಎಂಥ ಮಾತು. ಸಭೆಯ ಕೋಣೆಯೊಳಗೆ ಬಂದು ಕೂತ. ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತು, ಟೋಪಿ ತೆಗೆಯುತ್ತಾರೆ, ಒಂದು ನಿಮಿಷ ಕಾರ್ಪೆಟ್ಟು ನೋಡುತ್ತಾರೆ, ಆಮೇಲೆ ಕಾಫಿಗೆ ಹೋಗುತ್ತಾರೆ, ಪಟ್ಟಿ ಮಾತ್ರ ಮೂವತ್ತಾರರಲ್ಲೇ ಇರುತ್ತದೆ, ಇಲ್ಲವೇ ಅದಕ್ಕಿಂತ ಕೆಟ್ಟದ್ದು, ಪಾಪ ಎಂದು ಮೇಲಕ್ಕೆತ್ತುತ್ತಾರೆ. ನಾಳೆ ಸಂಜೆ ಮೂವತ್ತೆರಡು ಐಸ್ ಹಾಕಿ ಕ್ಲಬ್ಬುಗಳು ಸರದಿ ಹಿಡಿದು ಹದಿನೆಂಟರ ಹುಡುಗರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ, ಈ ಕೋಣೆಯವರ ಸರದಿ ಇಪ್ಪತ್ತೆರಡನೆಯದು, ಆ ಸರದಿಗೆ ಕ್ಲೆಮ್, ಊರೂರು ಸುತ್ತಿ ಹುಡುಗರನ್ನು ನೋಡಿ ವರದಿ ಬರೆಯುವ ಸ್ಕೌಟು, ವರ್ಷವಿಡೀ ಒಂದೇ ಹೆಸರು ಹೇಳಿಕೊಂಡು ಬಂದ, ಆ ಹೆಸರನ್ನು ಅವನು ಸತ್ತ ಬೆಳಿಗ್ಗೆಯೇ, ಹೆಣ ಇನ್ನೂ ಮನೆಯಲ್ಲಿರುವಾಗಲೇ, ಒಂದು ಬೆರಳು — ಒಂದೇ ಬೆರಳು.

ಇದೇ ಹಾಲರಾನ್‌ನ ಪಟ್ಟಿ ಒಂದು ಕಾಲಕ್ಕೆ ಇಂಥದೇ ಬೋರ್ಡಿನ ಕೊನೆಯ ಸಾಲಿನಲ್ಲೂ ಇರಲಿಲ್ಲ, ಇಪ್ಪತ್ತೆಂಟು ವರ್ಷದ ಹಿಂದೆ, ಓಡಿದರೆ ಕುಂಟುವ ಕರುವಿನಂತೆ ಕಾಣುತ್ತಿದ್ದ, ಯಾರಿಗೂ ಬೇಡವಾಗಿದ್ದ, ಆಯ್ಕೆಯ ಆರನೆಯ ಸುತ್ತಿನಲ್ಲಿ ಎಲ್ಲರೂ ಕೋಟು ಹಾಕಿಕೊಂಡು ಏಳುತ್ತಿದ್ದಾಗ ಕ್ಲೆಮ್ ಮೇಜು ತಟ್ಟಿ, ಕೂತ್ಕೊಳ್ರಯ್ಯಾ, ಒಬ್ಬ ಉಳಿದಿದಾನೆ ಅಂದಿದ್ದ, ಆ ಉಳಿದವನು ಹನ್ನೊಂದು ವರ್ಷ ಆಡಿದ, ಈಗ ಮ್ಯಾನೇಜರ್ ಆಗಿದ್ದಾನೆ, ನೆನಪಿದೆಯೋ ಇಲ್ಲವೋ, ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು. ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ಡೆವಿನ್, ಅಂಕಿಸಂಖ್ಯೆಯವನು, ಐಸು ಮೈದಾನದ ಚಳಿಗೆ ಒಮ್ಮೆಯೂ ಮೂಗು ಸೋರಿಸಿದವನಲ್ಲ, ಜನವರಿಯಿಂದ ಇವನ ಗ್ರಾಫ್ ಬಿದ್ದೇ ಹೋಗಿದೆ ಸಾರ್ ಎನ್ನುತ್ತಾನೆ, ಬಿದ್ದದ್ದು ಗ್ರಾಫು, ಹುಡುಗನಲ್ಲ, ಆಮೇಲೆ ನಗುತ್ತ, ಕ್ಲೆಮ್‌ಗೆ ತನ್ನ ಸೀಮೆ ಹುಡುಗ್ರು ಅಂದ್ರೆ ಹೆತ್ತವರಿಗೆ ಹೆಗ್ಗಣ ಮುದ್ದು ಅಂದಹಾಗೆ, ಅಲ್ವಾ ಎಂದ, ನಾಲ್ಕೈದು ಜನ ನಕ್ಕರು, ಸತ್ತವನ ಮೇಲೆ ನಗುತ್ತಿದ್ದೇವೆಂದು ಅವರಿಗೆ ಗೊತ್ತಿಲ್ಲ, ಗೊತ್ತಿಲ್ಲದ್ದು ತಪ್ಪಲ್ಲ, ಆದರೂ ಓರೆಸ್ಟ್ ಜೇಬಿನಲ್ಲಿದ್ದ ಶಿಲುಬೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ, ಅಂಗೈಗೆ ಅದರ ಮೂಲೆ ಚುಚ್ಚಿತು, ಮೂಲೆ — ಕ್ಲೆಮ್ ಕೂರುತ್ತಿದ್ದದ್ದೇ ಮೂಲೆಯಲ್ಲಿ. ಬೇರೆ ಸ್ಕೌಟುಗಳೆಲ್ಲ ಮೇಲೆ, ಬೆಚ್ಚಗಿನ ಗಾಜಿನ ಕೋಣೆಯಲ್ಲಿ, ಅಲ್ಲಿಂದ ಮೈದಾನ ನಕಾಶೆಯಂತೆ ಕಾಣುತ್ತದೆ, ಕ್ಲೆಮ್ ಮಾತ್ರ ಕೆಳಗೆ, ಐಸಿನ ಮಟ್ಟಕ್ಕೆ, ಸುತ್ತಲಿನ ಹಲಗೆಗೋಡೆ ತಿರುಗುವ, ಪಕ್ ಎಂಬ ರಬ್ಬರ್ ಬಿಲ್ಲೆಗಾಗಿ ಹುಡುಗರು ಗುದ್ದಾಡುವ ಮೂಲೆಯಲ್ಲಿ, ಕುದುರೆಗೆ ಹೊದಿಸುವ ಹಳೆಯ ಕಂಬಳಿಯ ತುಂಡು ಹಾಸಿಕೊಂಡು, ಪಕ್ಕದಲ್ಲಿ ಚಹಾದ ಫ್ಲಾಸ್ಕು, ಕೆನ್ನೆಯಲ್ಲಿ ಸೂರ್ಯಕಾಂತಿ ಬೀಜ, ಮೂಗು ಗೋಡೆಯ ಮೇಲಿನ ಗಾಜಿಗೆ ತಾಗುವಷ್ಟು ಹತ್ತಿರ, ಅವನ ಉಸಿರಿಗೆ ಗಾಜು ಮಬ್ಬಾಗುತ್ತಿತ್ತು, ಕೈಗವಸಿನ ಹಿಂಬದಿಯಿಂದ ಒರೆಸುತ್ತಿದ್ದ, ದೋಸೆಯಗಲದ ಒಂದು ಗುಂಡು, ಆ ಗುಂಡಿನೊಳಗಿಂದ ನೋಡುತ್ತಿದ್ದ, ಅದು ಮತ್ತೆ ಮಬ್ಬಾಗುತ್ತಿತ್ತು, ಮತ್ತೆ ಒರೆಸುತ್ತಿದ್ದ. ಮೇಲಿಂದ ಆಟ ಕಾಣ್ತದೆ ಮುದುಕಾ, ಹುಡುಗ ಕಾಣಬೇಕಾದ್ರೆ ಇಲ್ಲಿಗೆ ಬರಬೇಕು, ಇಲ್ಲಿ ಗೋಡೆಗೆ ಮೈ ಹಿಂಡಿಸಿಕೊಳ್ಳುವಾಗ ಅವನ ಕಣ್ಣು ಎಲ್ಲಿರ್ತದೆ ಅಂತ ನೋಡಬೇಕು ಎನ್ನುತ್ತಿದ್ದ. ಹಾಗೆ ನ್ಯೂಫೆಲ್ಡ್‌ನನ್ನು ನೋಡಿದ್ದು ಹತ್ತೊಂಬತ್ತು ಸಲ, ಮೂಸ್ ಜಾ, ಸ್ವಿಫ್ಟ್ ಕರೆಂಟ್, ಪ್ರಿನ್ಸ್ ಆಲ್ಬರ್ಟ್ ಊರುಗಳಲ್ಲಿ, ಅಷ್ಟು ದಾರಿಯನ್ನೂ ಹಿಮದಲ್ಲಿ ತಾನೇ ಗಾಡಿ ಓಡಿಸಿಕೊಂಡು, ಹೊಟ್ಟೆಯಲ್ಲಿ ಗಡ್ಡೆ ಇಟ್ಟುಕೊಂಡು, ಹತ್ತೊಂಬತ್ತು ವರದಿ, ಅವನ್ನೆಲ್ಲ ಈ ಕೋಣೆಯಲ್ಲಿ ಯಾರು ಓದಿದರು.

ಇಪ್ಪತ್ತನೆಯ ವರದಿಯೊಂದಿದೆ, ಅದನ್ನು ಎಲ್ಲರೂ ಓದಿದ್ದಾರೆ. ಈ ಕಸುಬಿನ ರೂಢಿ ಅದು, ಆಯಾ ಸೀಮೆಯ ಸ್ಕೌಟು ಎಷ್ಟು ಸಲ ನೋಡಿದರೂ ಕೊನೆಗೊಬ್ಬ ಹಿರಿಯ ಹೋಗಿ ಒಮ್ಮೆ ನೋಡಿ ಬರುತ್ತಾನೆ, ಆ ಒಂದು ನೋಟ ಹಿಂದಿನದೆಲ್ಲವನ್ನೂ ಎತ್ತಬಹುದು, ಮುಳುಗಿಸಬಹುದು. ಹಾಲರಾನ್ ಕಾಗದ ಹುಡುಕಿ ತೆಗೆದ, ಕನ್ನಡಕ ಏರಿಸಿದ, ಇದರಲ್ಲಿ ಒಂದೇ ಸಾಲಿದೆ, ಪಕ್ ಮೂಲೆಗೆ ಹೋದ್ರೆ ಹುಡುಗ ಹೋಗೋದಿಲ್ಲ, ಹೆದರುತ್ತಾನೆ. ಹೆದರುತ್ತಾನೆ, ಯಾರು ಬರೆದದ್ದು ಅದನ್ನು, ಯಾವ ಕಣ್ಣಿದ್ದ ಕುರುಡ, ಮೇಲಿನ ಕೋಣೆಯಲ್ಲಿ ಕಾಲು ಚಾಚಿಕೊಂಡು ಕಾಗದದ ಪೊಟ್ಟಣದಿಂದ ಪಾಪ್‌ಕಾರ್ನ್ ತಿನ್ನುತ್ತ ಕೂತವನು, ಒಂದು ಸಲ ನೋಡಿ ಒಬ್ಬ ಹುಡುಗನ ಹಣೆಯ ಮೇಲೆ ಹೇಡಿ ಎಂದು ಬರೆ ಹಾಕಿದವನು, ಅಂಥವನಿಗೆ — ಜನವರಿ ಹದಿನಾಲ್ಕು, ಸ್ವಿಫ್ಟ್ ಕರೆಂಟ್, ಎಂದು ಹಾಲರಾನ್ ಓದಿದ, ಆಮೇಲೆ ಕಾಗದದ ಮೇಲಿಂದ ಕಣ್ಣೆತ್ತಿ ಮೆತ್ತಗೆ, ಇದು ನಿಮ್ಮದೇ ಅಲ್ವಾ ಓರೆಸ್ಟ್, ನಿಮ್ಮ ಮಾತಿನ ಮೇಲೆ ನಾನು ಇನ್ಯಾರ ಮಾತನ್ನೂ ಇಡೋದಿಲ್ಲ. ಗೌರವದಿಂದಲೇ ಅಂದ. ಕೋಣೆಯಲ್ಲಿ ಎಲ್ಲರೂ ತಲೆಯಾಡಿಸಿದರು. ಗೊತ್ತಿತ್ತು, ಓರೆಸ್ಟ್‌ಗೆ ಗೊತ್ತಿತ್ತು, ಪಟ್ಟಿ ಜಾರತೊಡಗಿದಾಗಲೇ ಗೊತ್ತಿತ್ತು, ಯಾರ ಬೆರಳು ಅದನ್ನು ನೂಕುತ್ತಿದೆ ಎಂದು, ಆದರೂ ಮನಸ್ಸು ಹಾಲರಾನ್‌ನನ್ನು ಬೈಯುತ್ತಿತ್ತು, ಡೆವಿನ್‌ನನ್ನು ಬೈಯುತ್ತಿತ್ತು, ಬೈಯುವುದಕ್ಕೆ ಊರೆಲ್ಲ ಇದ್ದಾಗ ಕನ್ನಡಿ ಯಾಕೆ ಬೇಕು. ಆ ಸಂಜೆ ಸೊನ್ನೆಗಿಂತ ಮೂವತ್ತೆಂಟು ಕೆಳಗೆ, ಕ್ಲೆಮ್ ಮೊದಲ ಸಲ ಆಸ್ಪತ್ರೆ ಸೇರಿದ್ದ, ನನ್ನ ಹುಡುಗನ್ನ ನೀನು ಹೋಗಿ ನೋಡು ಅಂದಿದ್ದ, ಕಂಬಳಿಯ ತುಂಡನ್ನು ಕೊಟ್ಟು ಕಳಿಸಿದ್ದ, ಮೂಲೆಯಲ್ಲೇ ಕೂತ್ಕೋ ಎಂದು, ಕಂಬಳಿ ಕಾರಿನಲ್ಲೇ ಉಳಿಯಿತು, ಓರೆಸ್ಟ್‌ನ ಮಂಡಿ ನೋಯುತ್ತಿತ್ತು, ಮೇಲೆ ಹೀಟರ್ ಇತ್ತು, ಪಾಪ್‌ಕಾರ್ನ್ ಇತ್ತು, ಉಪ್ಪು ಜಾಸ್ತಿಯಾಗಿತ್ತು, ಅದೂ ನೆನಪಿದೆ, ಹುಡುಗ ನಾಲ್ಕು ಸಲ ಮೂಲೆಯ ಹತ್ತಿರ ಬಂದು ನಿಂತುಬಿಟ್ಟ, ನಾಲ್ಕು ಸಲ, ನಕಾಶೆಯಂತೆ ಸ್ಪಷ್ಟವಾಗಿ ಕಂಡಿತು, ಬರೆದ.

ವಾರದ ಮೇಲೆ ಆಸ್ಪತ್ರೆಯ ಮಂಚದಿಂದ ಫೋನು, ಎಲ್ಲಿ ಕೂತಿದ್ದೆ ಅಂತ ಮೊದಲು ಹೇಳು, ಮೇಲೆ ಅಂದಾಗ ಕ್ಲೆಮ್ ಏನೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಬೀಜದ ಸಿಪ್ಪೆ ಉಗುಳಿದ ಸದ್ದು, ಆಸ್ಪತ್ರೆಯಲ್ಲೂ, ದಾದಿಯರ ಗತಿ ದೇವರೇ ಬಲ್ಲ, ಆಮೇಲೆ, ಅವನು ಉಳಿದುಕೊಂಡಿರೋ ಮನೆಯೊಡತಿಗೆ ಫೋನ್ ಮಾಡಿದ್ದೆ, ಮೆಟ್ಟಿಲನ್ನ ಕೂತ್ಕೊಂಡೇ ಇಳೀತಾನಂತೆ, ಎಡಗಾಲಿನ ಮೂಳೆ ಬಿರುಕು ಬಿಟ್ಟಿದೆ, ಹಿಂದಿನ ಆಟದಲ್ಲಿ ಪಕ್‌ಗೆ ಅಡ್ಡ ಬಿದ್ದ, ಯಾರಿಗೂ ಹೇಳಿಲ್ಲ, ಹೇಳಿದ್ರೆ ಆಟದಿಂದ ಹೊರಗೆ ಕೂರಿಸ್ತಾರೆ ಅಂತ, ಕೆಳಗೆ ಕೂತಿದ್ದಿದ್ರೆ ಅವನ ಮುಖ ಕಾಣ್ತಿತ್ತು ನಿನಗೆ. ಆಗ ಓರೆಸ್ಟ್ ಏನೆಂದ, ಯಾವ ಬಾಯಿಂದ ಅಂದ, ಕಂಡದ್ದನ್ನ ಬರೆದಿದೀನಿ ಕ್ಲೆಮ್, ಕೇಳಿದ್ದನ್ನ ಬರೆಯೋ ಹಾಗಿಲ್ಲ, ಬರೆದದ್ದನ್ನ ತಿದ್ದೋ ಹಾಗಿಲ್ಲ, ನೀನೇ ಕಲಿಸಿದ್ದು. ಹೌದು, ಅವನೇ ಕಲಿಸಿದ್ದು, ಮೂವತ್ನಾಲ್ಕು ವರ್ಷದ ಹಿಂದೆ, ಒಬ್ಬರ ಮಾತು ಕೇಳಿ ಇನ್ನೊಬ್ಬರು ತಿದ್ದಿದರೆ ಎರಡು ಜೊತೆ ಕಣ್ಣಿಗೆ ಸಂಬಳ ಯಾಕೆ ಕೊಡಬೇಕು ಎಂದು, ಆ ನಿಯಮವನ್ನು ಓರೆಸ್ಟ್ ಉಪವಾಸದ ವ್ರತದಂತೆ ಪಾಲಿಸಿಕೊಂಡು ಬಂದ, ಹೆಮ್ಮೆಯಿಂದ, ಕ್ಲೆಮ್ ಅಂದ, ಸರಿ, ತಿದ್ದಬೇಡ, ಇನ್ನೊಂದು ಸಲ ಹೋಗಿ ಬಾ, ನನ್ನ ಜಾಗದಲ್ಲಿ ಕೂತು ನೋಡು, ಇಪ್ಪತ್ತೊಂದನೇದು ಬರಿ, ಹೋಗ್ತೀಯಲ್ಲ. ಹೋಗ್ತೀನಿ ಅಂದ ಓರೆಸ್ಟ್. ಫೆಬ್ರವರಿಯಲ್ಲಿ ಲೆತ್‌ಬ್ರಿಜ್‌ನ ಗೋಲ್‌ಕೀಪರ್‌ನನ್ನು ನೋಡಬೇಕಿತ್ತು, ಮಾರ್ಚಿನಲ್ಲಿ ದಾರಿ ಮುಚ್ಚಿತ್ತು, ಆಮೇಲೆ ಈಸ್ಟರ್ ಹಬ್ಬದ ಮುಂಚಿನ ಉಪವಾಸ, ನಿಮ್ಮ ಚರ್ಚಿನ ಪ್ರಾರ್ಥನೆ ಮುಗಿಯೋದ್ರೊಳಗೆ ನಾವು ಮೂರು ಆಟ ನೋಡಿ ಬಂದಿರ್ತೀವಿ ಎಂದು ಕ್ಲೆಮ್ ಯಾವಾಗಲೂ ಛೇಡಿಸುತ್ತಿದ್ದ, ಹುಡುಗನ ತಂಡ ಸೋತು ಹೊರಬಿತ್ತು, ಋತು ಮುಗಿಯಿತು. ಈಸ್ಟರ್ ಮಾರನೆಯ ದಿನ ಕ್ಲೆಮ್‌ನನ್ನು ನೋಡಲು ಹೋದಾಗ ರೋಸಲೀ ಬಾಣಲೆಯಿಂದ ಬಿಸಿ ಬ್ಯಾನಕ್ ರೊಟ್ಟಿ ತೆಗೆದು ಬೆಣ್ಣೆ ಹಚ್ಚಿ ಕೊಟ್ಟಳು, ಕ್ಲೆಮ್‌ಗೆ ತಿನ್ನಲಾಗಲಿಲ್ಲ, ಓರೆಸ್ಟ್ ತಿನ್ನುವುದನ್ನೇ ನೋಡುತ್ತಿದ್ದ, ಹೋಗಿದ್ದೆಯಾ ಎಂದು ಕೇಳಲೇ ಇಲ್ಲ, ಕೇಳದೆ ಬಿಟ್ಟದ್ದು ಕ್ಷಮೆಯೋ ಅಲ್ಲವೋ, ಇನ್ನು ಯಾರನ್ನು ಕೇಳುವುದು.

ಮುಂದಿನ ಹೆಸರಿಗೆ ಹೋಗೋಣ ಎಂದು ಹಾಲರಾನ್ ಬೋರ್ಡಿನತ್ತ ತಿರುಗುತ್ತಾನೆ, ಓರೆಸ್ಟ್ ಎದ್ದು ನಿಂತಿದ್ದಾನೆ, ಎದ್ದದ್ದು ಯಾವಾಗಲೋ ತಿಳಿಯದು, ಮಂಡಿ ಕಟಕ್ಕೆಂದಿತು, ಎಲ್ಲರೂ ನೋಡಿದರು, ಆ ವರದಿ ತಪ್ಪು ಅಂದ. ಹಾಲರಾನ್ ಕನ್ನಡಕ ತೆಗೆದ, ನೀವು ಬರೆದದ್ದನ್ನ ಯಾವತ್ತೂ ತಿದ್ದಿದವರಲ್ಲವಲ್ಲ ಓರೆಸ್ಟ್. ತಿದ್ದುತ್ತಿಲ್ಲ, ನಾನು ಎಲ್ಲಿ ಕೂತಿದ್ದೆ ಅನ್ನೋದನ್ನ ಅದರಲ್ಲಿ ಬರೆದಿರಲಿಲ್ಲ, ಅದನ್ನ ಈಗ ಬರೀತಿದೀನಿ, ಮೇಲೆ ಕೂತಿದ್ದೆ, ಚಳಿ ಅಂತ, ಒಂದೇ ಒಂದು ಸಲ, ಹುಡುಗನ ಕಾಲಿನ ಮೂಳೆ ಬಿರುಕು ಬಿಟ್ಟಿತ್ತು, ಅದರಲ್ಲೇ ಆಡ್ತಿದ್ದ, ಅವನು ಹೆದರಲಿಲ್ಲ, ನಾನು ಬೆಚ್ಚಗಿದ್ದೆ. ದನಿ ಏರಿತ್ತು, ಸಿಟ್ಟು ಯಾರ ಮೇಲೆಂದು ಕೇಳಿದವರಿಗೆ ತಿಳಿಯಲಿಲ್ಲ, ಡೆವಿನ್ ಲ್ಯಾಪ್‌ಟಾಪಿನ ಮೇಲಿಂದ ಕೈ ತೆಗೆದ, ಅದು ನಮ್ಮ ದಾಖಲೆಯಲ್ಲಿ ಎಲ್ಲೂ ಇಲ್ಲ ಅಂದ, ಮೆತ್ತಗೆ, ತಪ್ಪು ತನ್ನದೋ ಎಂಬಂತೆ. ಹಾಲರಾನ್ ಹಣೆ ಉಜ್ಜಿಕೊಂಡ, ನೋಡಿ, ಒಂದು ಕೆಲಸ ಮಾಡಿ, ಕ್ಲೆಮ್‌ಗೆ ಫೋನ್ ಹಚ್ಚಿ, ಮೇಜಿನ ಮೇಲಿಡಿ, ಎಲ್ಲರೂ ಕೇಳಲಿ, ಅವರ ಬಾಯಿಂದಲೇ ಕೇಳೋಣ.

ಫೋನು ಓರೆಸ್ಟ್‌ನ ಕೈಯಲ್ಲೇ ಇದೆ, ಪರದೆಯ ಮೇಲೆ ಕೊನೆಯ ಕರೆ ಕ್ಲೆಮ್ ಎಂದೇ ತೋರಿಸುತ್ತಿದೆ, ರೋಸಲೀ ಅವನ ಫೋನಿನಿಂದಲೇ ಮಾಡಿದ್ದಳು, ಒತ್ತಿದರೆ ಅಲ್ಲಿ ಬಾರಿಸುತ್ತದೆ, ಮಂಚದ ಪಕ್ಕದಲ್ಲಿ, ಬಿಸಿ ಆರಿದ ಚಹಾದ ಪಕ್ಕದಲ್ಲಿ. ಇವತ್ತು ಬೆಳಿಗ್ಗೆ ತೀರಿಕೊಂಡ, ಅಂದ. ಟೋಪಿಗಳು ಕೆಳಗಿಳಿದವು, ಎಲ್ಲರೂ ಕಾರ್ಪೆಟ್ಟು ನೋಡಿದರು, ಅವನೆಣಿಸಿದ ಹಾಗೆಯೇ, ಹಾಲರಾನ್‌ನ ಮುಖ ಮಾತ್ರ ಎಣಿಸಿದ ಹಾಗಿರಲಿಲ್ಲ, ಆರನೆಯ ಸುತ್ತಿನ ಹುಡುಗನ ಮುಖ ಅದು, ಅವನು ಬೋರ್ಡಿನ ಹತ್ತಿರ ಹೋಗಿ ಮೂವತ್ತಾರರ ಮೇಲಿದ್ದ ಪಟ್ಟಿಯನ್ನು ಹಿಡಿದ, ಈ ಸಲ ಐದೂ ಬೆರಳಿನಲ್ಲಿ, ಮೇಲಕ್ಕೆ — ಕೈ ತೆಗಿ, ಅಂದ ಓರೆಸ್ಟ್. ಅವನು ಸತ್ತ ಅಂತ ಎತ್ತಬೇಡ, ಹತ್ತೊಂಬತ್ತು ಸಲ ನೋಡಿದ ಅಂತ ಎತ್ತೋದಾದ್ರೆ ಎತ್ತು, ಮೊದಲು ಓದು. ಹಾಲರಾನ್‌ನ ಕೈ ಪಟ್ಟಿಯ ಮೇಲೆಯೇ ನಿಂತಿತು. ಆಮೇಲೆ ಕೈ ಬಿಟ್ಟು ಬಂದು ಕೂತ, ಡೆವಿನ್, ಹತ್ತೊಂಬತ್ತನ್ನೂ ತೆಗಿ, ಮೊದಲನೇದರಿಂದ, ಜೋರಾಗಿ ಓದು, ಯಾರೂ ಏಳೋ ಹಾಗಿಲ್ಲ. ಡೆವಿನ್ ಓದತೊಡಗಿದ, ಸೆಪ್ಟೆಂಬರ್ ಇಪ್ಪತ್ತೇಳು, ಮೂಸ್ ಜಾ, ಎಡಮೂಲೆ, ತನಗಿಂತ ದೊಡ್ಡವರಿಬ್ಬರ ನಡುವಿನಿಂದ ಪಕ್ ತಗೊಂಡು ಬಂದ, ತುಟಿ ಒಡೆದಿತ್ತು, ಬೆಂಚಿಗೆ ಬಂದವನು ಮೊದಲು ಸರಿದು ಪಕ್ಕದವನಿಗೆ ಜಾಗ ಮಾಡಿಕೊಟ್ಟ, ಆಮೇಲೆ ರಕ್ತ ಒರೆಸಿಕೊಂಡ, ಈ ಹುಡುಗನನ್ನು ಮತ್ತೆ ನೋಡಬೇಕು — ಓದುವ ದನಿ ದೂರವಾಗುತ್ತದೆ, ಓರೆಸ್ಟ್ ಕೂತಿದ್ದಾನೆ, ಎದುರಿಗೆ ಬೋರ್ಡಿಲ್ಲ, ಗಾಜಿದೆ, ಗಾಜಿನ ಮೇಲೆ ದೋಸೆಯಗಲದ ಗುಂಡು, ಕೈಗವಸಿನ ಹಿಂಬದಿಯಿಂದ ಒರೆಸಿದ್ದು, ಅದು ಮಬ್ಬಾಗಲಿ ಎಂದು ಕಾಯುತ್ತಾನೆ, ಆಗುತ್ತಿಲ್ಲ, ಉಸಿರಿಲ್ಲ, ತಿಳಿಯಾಗಿಯೇ ಇದೆ, ಅದರ ಆಚೆ ಬಿಳಿಯ ಐಸು, ಯಾರೂ ಇಲ್ಲ, ಗುಂಡು ಮಬ್ಬಾಗುತ್ತಿಲ್ಲ — ಒಡೆಯನೇ, ನಿನ್ನ ದಾಸ ಕ್ಲೆಮ್ ಬಂದಿದ್ದಾನೆ, ಚಳಿಯಲ್ಲಿ ಬಹಳ ದೂರ ಬಂದಿದ್ದಾನೆ, ಅವನಿಗೆ ಬೆಚ್ಚಗಿನ ಜಾಗ ಕೊಡು, ಅವನು ಒಲ್ಲೆನೆಂದರೆ ಮೂಲೆಯಲ್ಲೇ ಕೊಡು, ಅವನಿಗೆ ಎಲ್ಲವೂ ಹತ್ತಿರದಿಂದ ಕಾಣಲಿ, ನಾನು ಹೋಗದೆ ಉಳಿದ ದಾರಿಯನ್ನು ಅವನ ಲೆಕ್ಕಕ್ಕೆ ಹಿಡಿಯಬೇಡ, ಅವನ ಆತ್ಮಕ್ಕೆ ಶಾಂತಿ ಕೊಡು, ಶಾಂತಿ ಕೊಡು.