ಎರಡೂವರೆ ಇಂಚು

ಪ್ಲಾಸ್ಟರನ್ನು ಎರಡು ಹೋಳಾಗಿ ಕೊಯ್ದು ತೆಗೆದಾಗ ಒಳಗಿದ್ದ ಕಾಲು ತಮ್ಮದಲ್ಲ ಅನ್ನಿಸಿತು ಮಾಸ್ತರರಿಗೆ. ಎಂಟು ವಾರದ ಹಿಂದೆ ತಮ್ಮ ಹೊಲಿಗೆ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಮೂಳೆ ಮುರಿದುಕೊಂಡ ದಿನ ಒಳಗೆ ಹೋದದ್ದು ದುಂಡನೆಯ ಕಾಲು. ಹೊರಗೆ ಬಂದದ್ದು ತೊಗಲು ಜೋತುಬಿದ್ದ ಬಡಕಲು ಕಾಲು. ಮೂಳೆ ಚೆನ್ನಾಗಿ ಕೂಡಿದೆ ಎಂದು ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸುತ್ತಿದ್ದರು. ಮಾಸ್ತರರು ಅತ್ತ ನೋಡಲೇ ಇಲ್ಲ.

ಮನೆಗೆ ಬಂದವರೇ ಟೇಪು ಹಿಡಿದು ಎರಡೂ ತೊಡೆ ಅಳೆದರು. ಬಲಗಡೆ ಇಪ್ಪತ್ತು, ಎಡಗಡೆ ಹದಿನೇಳೂವರೆ. ಹಳೇ ಟೇಪು, ಹಿಗ್ಗಿರಬೇಕು ಎಂದು ಹೆಂಡತಿ ಸಮಾಧಾನ ಹೇಳಲು ನೋಡಿದಳು. ಹಿಗ್ಗಿದ್ದರೆ ಎರಡೂ ಕಾಲಿಗೆ ಒಂದೇ ಸಮ ಹಿಗ್ಗಬೇಕಲ್ಲ ಎಂದರು ಮಾಸ್ತರರು. ನಲವತ್ತೈದು ವರ್ಷ ಜನರ ಮೈ ಅಳೆದ ಕೈಗೆ ಯಾರೂ ಬಣ್ಣ ಕಟ್ಟಿ ಹೇಳುವಂತಿರಲಿಲ್ಲ.

ಹೊಲಿಯುವವನು ಕೂತು ಹೊಲಿಯಬಹುದು. ಕಟಿಂಗ್ ಮಾಡುವವನು ನಿಂತೇ ಮಾಡಬೇಕು. ಮೇಜಿನ ಸುತ್ತ ಓಡಾಡಬೇಕು, ಬಗ್ಗಬೇಕು, ಒಂದೇ ಉಸಿರಿಗೆ ಉದ್ದಕ್ಕೂ ಕತ್ತರಿ ಎಳೆಯಬೇಕು. ಎಪ್ಪತ್ತು ತುಂಬಿದರೂ ದಿನಕ್ಕೆ ಎಂಟು ತಾಸು ನಿಲ್ಲುತ್ತೇನೆಂದು ಬೀಗುತ್ತಿದ್ದ ಮಾಸ್ತರರು ಈಗ ಕೋಲೂರಿಕೊಂಡು ಬಂದು ಗಲ್ಲಾದ ಹಿಂದೆ ಕೂರತೊಡಗಿದರು. ಎರಡು ತಿಂಗಳಿಂದ ಕತ್ತರಿ ಮಗಳ ಕೈಯಲ್ಲಿತ್ತು. ಅವಳ ಕೆಲಸದಲ್ಲಿ ತಪ್ಪು ಹುಡುಕಲು ಹೋಗಿ ಒಂದೂ ಸಿಗದೆ, ಅವರಿಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು. ಬಂದ ಗಿರಾಕಿಗಳೆಲ್ಲ ವಯಸ್ಸಾಯಿತು, ಇನ್ನು ಆರಾಮಾಗಿರಿ ಎನ್ನುತ್ತಿದ್ದರು. ಆರಾಮ ಎಂಬ ಮಾತು ಕೇಳಿದರೆ ಸಾಕು, ಮಾಸ್ತರರ ಹುಬ್ಬು ಗಂಟಿಕ್ಕುತ್ತಿತ್ತು.

ಕಾಲಿನ ವ್ಯಾಯಾಮ ಹೇಳಿಕೊಡಲು ಆಸ್ಪತ್ರೆಯಲ್ಲಿ ಒಬ್ಬ ಹೆಂಗಸಿದ್ದಳು, ಮಗಳಿಗಿಂತ ಚಿಕ್ಕವಳು. ಕೆಲಸವಿಲ್ಲದೆ ಬಿದ್ದಿದ್ದರೆ ಮಾಂಸಖಂಡ ಕರಗುತ್ತದೆ, ಈ ವಯಸ್ಸಿನಲ್ಲಿ ಬೇಗ ಕರಗುತ್ತದೆ, ನಿಧಾನವಾಗಿ ಬರುತ್ತದೆ, ಆದರೆ ದುಡಿಸಿದರೆ ಬಂದೇ ಬರುತ್ತದೆ ಎಂದಳು. ಕೈಯೂರದೆ ಕುರ್ಚಿಯಿಂದ ಏಳಿ ಎಂದಳು. ಇದೇನು ಮಹಾ ಎಂದು ಮಾಸ್ತರರು ಎದೆಯ ಮೇಲೆ ಕೈಕಟ್ಟಿ ಮುಂದಕ್ಕೆ ಬಾಗಿದರು. ಕುಂಡೆ ಕುರ್ಚಿ ಬಿಟ್ಟು ಮೇಲೇಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಎಡತೊಡೆ ಗಡಗಡ ನಡುಗಿತೇ ಹೊರತು ಎತ್ತಲಿಲ್ಲ. ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದವರು ಮುಖ ಬೇರೆ ಕಡೆ ತಿರುಗಿಸಿದ್ದು ಅವರಿಗೆ ಬಿದ್ದದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಆಮೇಲೆ ಒಂದು ವಾರ ಅವರು ಆ ಕಡೆ ತಲೆ ಹಾಕಲಿಲ್ಲ. ಬಸ್ಕಿ ಹೊಡೆಯುವ ವಯಸ್ಸೇ ತಮ್ಮದು ಎಂದು ಗೊಣಗುತ್ತ ಕೂತರು. ಹೆಂಡತಿ ಕಿಟಕಿಯ ಬಳಿ ಗಿರಾಕಿಯ ಶರಟಿಗೆ ಗುಂಡಿ ಹಚ್ಚುತ್ತಿದ್ದಳು. ಹಲ್ಲಿನಿಂದ ದಾರ ಕಡಿದು, ತಲೆಯೆತ್ತದೆ ಹೇಳಿದಳು:

"ಬೇಡ ಅಂದ್ರೆ ಬಿಡಿ. ನಾಳೆ ಬಡಗೀನ ಕರೆಸಿ ಕುರ್ಚಿ ಎತ್ತರ ಮಾಡಿಸ್ತೀನಿ, ಮಂಚ ಎತ್ತರ ಮಾಡಿಸ್ತೀನಿ. ಇಡೀ ಮನೇನೇ ನಿಮ್ಮ ಕಾಲಿನ ಅಳತೆಗೆ ಆಲ್ಟರ್ ಮಾಡಿಸಿಬಿಡೋಣ."

ಆಲ್ಟರೇಶನ್ ಕೆಲಸವನ್ನು ಮಾಸ್ತರರು ಜನ್ಮದಲ್ಲಿ ಮುಟ್ಟಿದವರಲ್ಲ. ಇನ್ನೊಬ್ಬ ಕೆಡಿಸಿದ್ದನ್ನು ಸರಿಮಾಡಲು ನಾನು ಅಂಗಡಿ ಇಟ್ಟಿಲ್ಲ ಎಂದು ಗಿರಾಕಿಗಳನ್ನು ವಾಪಸು ಕಳಿಸಿದವರು. ಹೆಂಡತಿಯನ್ನು ದುರುಗುಟ್ಟಿ ನೋಡಿದರು. ಅವಳು ಇನ್ನೊಂದು ಗುಂಡಿ ಎತ್ತಿಕೊಂಡಳು.

ಮರುದಿನ ಬೆಳಿಗ್ಗೆ ಕುರ್ಚಿಯ ಮೇಲೆ ಎರಡು ದಿಂಬು ಹಾಕಿಕೊಂಡು ಕೂತು ಎದ್ದರು. ಮೂರು ಸಲ. ಆ ದಿನಕ್ಕೆ ಅಷ್ಟೇ. ಮುಂದಿನ ವಾರ ಐದು. ಆಮೇಲೆ ಒಂದು ದಿಂಬು ತೆಗೆದರು. ಹೆಂಡತಿ ಕಾಜಾ ಹಾಕುತ್ತಲೇ ಎಣಿಸುತ್ತಿದ್ದಳು. ಅರ್ಧ ಎದ್ದು ಧೊಪ್ಪನೆ ಕೂತದ್ದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆಸ್ಪತ್ರೆಗೂ ಮತ್ತೆ ಹೋಗತೊಡಗಿದರು. ಕಾಲಿಗೆ ಕಟ್ಟಿಕೊಂಡು ಎತ್ತಲು ಅರ್ಧ ಕಿಲೋ ಮರಳಿನ ಚೀಲ ಬೇಕೆಂದು ಅಲ್ಲಿ ಹೇಳಿದಾಗ, ಕೋಟಿಗೆ ತಂದು ಮಿಕ್ಕಿದ್ದ ಬೂದುಬಣ್ಣದ ಬಟ್ಟೆಯಲ್ಲಿ ತಾವೇ ಹೊಲಿದರು. ಎರಡೆರಡು ಸುತ್ತು ಹೊಲಿಗೆ, ಒಂದು ಕಣ ಮರಳು ಉದುರುವಂತಿಲ್ಲ. ವ್ಯಾಯಾಮದ ಹೆಂಗಸು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಆಸ್ಪತ್ರೆಗೆ ಇಂಥವು ಆರು ಬೇಕಿತ್ತಲ್ಲ ಎಂದಳು. ಮಾಸ್ತರರು ಎಂಟು ಹೊಲಿದುಕೊಟ್ಟರು.

ಮೂರು ವಾರಕ್ಕೆ ಟೇಪು ಕಾಲಿಂಚು ಮುಂದೆ ಹೋಯಿತು. ನಡುವೆ ಒಮ್ಮೆ ಜ್ವರ ಬಂದು ನಾಲ್ಕು ದಿನ ಮಲಗಿದಾಗ, ಗಳಿಸಿದ್ದೆಲ್ಲ ಕರಗಿಹೋದಂತಾಗಿ ಟೇಪು ಬಿಸಾಡಿದ್ದೂ ಉಂಟು. ಜ್ವರ ಬಿಟ್ಟ ದಿನವೇ ಮತ್ತೆ ಕುರ್ಚಿಗೆ ಬಂದರು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಒಂದೇ ಪಟ್ಟಿಗೆ ಹದಿನೈದು ಸಲ ಎದ್ದು ಕೂರುತ್ತಿದ್ದರು. ತೊಡೆ ಹತ್ತೊಂಬತ್ತೂವರೆಗೆ ಬಂದು ನಿಂತಿತು. ಉಳಿದ ಅರ್ಧ ಇಂಚು ಬರಲಿಲ್ಲ.

ಒಂದು ಮಧ್ಯಾಹ್ನ ವಾದ್ಯಗೋಷ್ಠಿಯವರಿಗಾಗಿ ಹನ್ನೆರಡು ಕಪ್ಪು ಕೋಟುಗಳ ಬಟ್ಟೆ ಬಂತು. ಮಗಳು ಥಾನು ಬಿಚ್ಚಿ ಮೇಜಿನ ಮೇಲೆ ಹಾಸುತ್ತಿದ್ದಳು. ಮಾಸ್ತರರು ಗಲ್ಲಾದಿಂದ ಎದ್ದು, ಕೋಲನ್ನು ಗೋಡೆಗೆ ಒರಗಿಸಿ, ಮೇಜಿನ ಇನ್ನೊಂದು ತುದಿಗೆ ಹೋಗಿ ನಿಂತರು.

"ದೊಡ್ಡ ಕತ್ತರಿ ನನಗಿರಲಿ," ಎಂದರು.

"ಹನ್ನೆರಡು ಕೋಟು, ಅಪ್ಪಾ. ಸಂಜೆ ಆಗತ್ತೆ."

"ಆಗ್ಲಿ. ನಿನ್ನ ತೋಳು ಚೆನ್ನಾಗಿ ಬರತ್ತೆ, ಅದು ನೀನು ಮಾಡು. ಬೆನ್ನು ನಾನು ಕೊಯ್ತೀನಿ."

ನಿನ್ನ ತೋಳು ಚೆನ್ನಾಗಿ ಬರತ್ತೆ ಎಂದು ಅಪ್ಪ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮಗಳು ಕತ್ತರಿಯನ್ನು ಹಿಡಿ ಮುಂದೆ ಮಾಡಿ ಚಾಚಿದಳು.

ಮೇಜಿನ ಎರಡು ಬದಿಯಲ್ಲಿ ಎರಡು ಕತ್ತರಿ ಒಂದರ ಹಿಂದೊಂದು ಕರಕರ ಎನ್ನತೊಡಗಿದವು. ಆರನೆಯ ಕೋಟಿನ ಹೊತ್ತಿಗೆ ಎಡತೊಡೆ ಕಾವೇರತೊಡಗಿತು. ಎಂಟನೆಯದಕ್ಕೆ ಸಣ್ಣಗೆ ಅದುರಿತು. ಅದುರಲು ಅಲ್ಲಿ ಮತ್ತೆ ಒಂದಿಷ್ಟು ಮಾಂಸ ಇದೆ ಎಂಬುದೇ ಅವರಿಗೆ ಖುಷಿ. ಮಗಳು ಗಮನಿಸಿದಳೋ ಏನೋ, ಒಳಗೆ ಹೋಗಿ ಸ್ಟೂಲು ತಂದು ಸದ್ದಿಲ್ಲದೆ ಅಪ್ಪನ ಹಿಂದೆ ಇಟ್ಟು ತನ್ನ ಜಾಗಕ್ಕೆ ಹೋದಳು.

ಮಾಸ್ತರರು ತಿರುಗಿ ನೋಡಿದರು. ಮೇಜಿನ ಮೇಲೆ ಅಡ್ಡವಾಗಿದ್ದ ಸೀಮೆಸುಣ್ಣದ ಡಬ್ಬಿಯನ್ನೆತ್ತಿ ಸ್ಟೂಲಿನ ನಟ್ಟನಡುವೆ ಇಟ್ಟರು. ಮತ್ತೆ ಬಗ್ಗಿ, ಒಂಬತ್ತನೆಯ ಕೋಟಿನ ಬೆನ್ನಿಗೆ ಗೆರೆ ಎಳೆದರು.